ಸಿಕ್ಕಿದ ನಂಬರ್ ಕಳೆದ ಫೋನಿನದ್ದೇನಾ? ದಾವಣಗೆರೆಯ ಒಂದು ಐಎಂಇಐ ಪ್ರಕರಣ

ಮೊಬೈಲ್ ಕಳೆದುಕೊಂಡವರಿಗೆ ಎಲ್ಲರೂ ಹೇಳುವ ಮಾತು ಒಂದೇ: "ಐಎಂಇಐ ನಂಬರ್ ಹುಡುಕಿ, ಬ್ಲಾಕ್ ಮಾಡಿಸಿ." ಐಎಂಇಐ ಅಂದರೆ ಫೋನನ್ನು ಗುರುತಿಸುವ 15 ಅಂಕಿಯ ನಂಬರ್. ಅದನ್ನು ಎಲ್ಲಿ ಹುಡುಕಬೇಕು ಅಂತಲೂ ನಾಲ್ಕು ಜನ ಹೇಳುತ್ತಾರೆ. ಆದರೆ ಸಿಕ್ಕಿದ ನಂಬರ್ ಕಳೆದ ಫೋನಿನದ್ದೇ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ ಅಂತ ಹೇಳುವವರು ಕಡಿಮೆ. ತಪ್ಪು ನಂಬರ್ ಹಾಕಿದರೆ ಏನಾಗಬಹುದು ಅಂತ ಯೋಚಿಸುವವರು ಇನ್ನೂ ಕಡಿಮೆ. ಅದಕ್ಕೇ ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಸಣ್ಣ ಕೇಂದ್ರ ನಡೆಸುತ್ತೇನೆ. ಪಹಣಿ, ಆಧಾರ್, ಸ್ಕಾಲರ್‌ಶಿಪ್ ಜೊತೆಗೆ ಈಗ ಮೊಬೈಲ್ ಕಳೆದವರ ಅರ್ಜಿಯೂ ಬರುತ್ತದೆ. ಈ ಕುಟುಂಬದ ಒಪ್ಪಿಗೆ ಪಡೆದೇ ಬರೆದಿದ್ದೇನೆ. ಹೆಸರು, ಬಡಾವಣೆ, ಫೋನಿನ ಕಂಪನಿ, ಅಂಗಡಿ, ಠಾಣೆ ಯಾವುದನ್ನೂ ಹೇಳುವುದಿಲ್ಲ.

ಹಿನ್ನೆಲೆ

ಗಂಡ ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ಹೆಂಡತಿ ಸಂಜೆ ಹೊತ್ತು ಮಂಡಕ್ಕಿ ಮಿರ್ಚಿ ಅಂಗಡಿ ಇಡುತ್ತಾರೆ. ಇಲ್ಲಿ ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ಮಗಳು ಬಿ.ಕಾಂ. ಓದುತ್ತಿದ್ದಾಳೆ. ಅಂಗಡಿಯ ಹಣ ಜಾಸ್ತಿ ಬರುವುದು ಫೋನಿಗೇ. ಭಟ್ಟಿಯ ಆರ್ಡರ್‌ಗಳೂ ಫೋನಿನಲ್ಲೇ. ಅಂದರೆ ಆ ಮನೆಯಲ್ಲಿ ಎರಡು ಫೋನುಗಳ ಮೇಲೆ ಎರಡು ವ್ಯಾಪಾರ ನಿಂತಿತ್ತು. ಇದು ಮುಂದೆ ಮುಖ್ಯವಾಗುತ್ತದೆ.

ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ. ದೇವಸ್ಥಾನದ ಹತ್ತಿರದ ಗದ್ದಲದಲ್ಲಿ ಅಕ್ಕನ ಫೋನ್ ಹೋಯಿತು. ಬಿತ್ತೋ, ಯಾರಾದರೂ ತೆಗೆದರೋ ಗೊತ್ತಿಲ್ಲ. ರಿಂಗ್ ಮಾಡಿದಾಗ ಮೊದಲು ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಸ್ವಿಚ್ ಆಫ್.

ಮಗಳು ಅಲ್ಲೇ ಒಂದು ಒಳ್ಳೆ ಕೆಲಸ ಮಾಡಿದಳು. ಬ್ಯಾಂಕಿಗೆ ಫೋನ್ ಮಾಡಿ ಯುಪಿಐ ನಿಲ್ಲಿಸಿದಳು, ಸಿಮ್ ಕಂಪನಿಗೆ ಫೋನ್ ಮಾಡಿ ಸಿಮ್ ಬ್ಲಾಕ್ ಮಾಡಿಸಿದಳು. ಮರುದಿನ ಮೂವರೂ ಠಾಣೆಗೆ ಹೋಗಿ ದೂರು ಕೊಟ್ಟರು. ಸ್ವೀಕೃತಿ ಕೊಟ್ಟವರು ಹೇಳಿದ್ದು: "ಐಎಂಇಐ ನಂಬರ್ ತಗೊಂಡು ಸಿಇಐಆರ್‌ನಲ್ಲಿ ಹಾಕಿಸಿಬಿಡಿ."

ಸಿಇಐಆರ್ ಅಂದರೆ ಕೇಂದ್ರ ದೂರಸಂಪರ್ಕ ಇಲಾಖೆ ಇಟ್ಟಿರುವ ಮೊಬೈಲ್ ಸಾಧನಗಳ ದಾಖಲೆ. 2023ರ ಮೇ ತಿಂಗಳಿಂದ ಸಂಚಾರ್ ಸಾಥಿ ಎಂಬ ಜಾಲತಾಣದ ಮೂಲಕ ದೇಶದ ಎಲ್ಲ ಕಡೆಯವರೂ ಇದನ್ನು ಬಳಸಬಹುದು. ಕಳೆದ ಫೋನಿನ ಐಎಂಇಐ ಕೊಟ್ಟು ಅರ್ಜಿ ಹಾಕಿದರೆ, ಆ ಫೋನಿಗೆ ಯಾವ ಕಂಪನಿಯ ಸಿಮ್ ಹಾಕಿದರೂ ನೆಟ್‌ವರ್ಕ್ ಸಿಗುವುದಿಲ್ಲ. ಸಿಮ್ ಬ್ಲಾಕ್ ಮಾಡಿದರೆ ನಿಲ್ಲುವುದು ನಿಮ್ಮ ನಂಬರ್ ಮಾತ್ರ. ಐಎಂಇಐ ಬ್ಲಾಕ್ ಮಾಡಿದರೆ ನಿಲ್ಲುವುದು ಆ ಫೋನೇ. ಗಾಡಿಗೆ ಚಾಸಿ ನಂಬರ್ ಇದ್ದ ಹಾಗೆ ಇದು ಫೋನಿನ ಮೈಗೆ ಅಂಟಿದ ನಂಬರ್. ಸಿಮ್ ಬದಲಿಸಿದರೂ, ಫೋನನ್ನು ಪೂರ್ತಿ ಅಳಿಸಿ ರೀಸೆಟ್ ಮಾಡಿದರೂ ಹೋಗುವುದಿಲ್ಲ.

ಫೋನ್ ಕೈಯಲ್ಲಿದ್ದರೆ *#06# ಒತ್ತಿದರೆ ಸಾಕು, ನಂಬರ್ ಪರದೆ ಮೇಲೆ ಬರುತ್ತದೆ. ಆದರೆ ಈ ನಂಬರಿನ ಅವಶ್ಯಕತೆ ಬೀಳುವುದೇ ಫೋನ್ ಕೈಬಿಟ್ಟ ಮೇಲೆ, ಅಲ್ವಾ?

ಅಟ್ಟದ ಮೇಲಿನ ಬಾಕ್ಸ್

ನನ್ನ ಹತ್ತಿರ ಬರುವ ಹೊತ್ತಿಗೆ ಅವರ ಕೈಯಲ್ಲಿ ಆಗಲೇ ಒಂದು ಬಾಕ್ಸ್ ಇತ್ತು. ಅಟ್ಟದ ಮೇಲೆ ಹುಡುಕಿ ತಂದಿದ್ದರು. ಅಕ್ಕನ ಫೋನಿನ ಕಂಪನಿಯದ್ದೇ ಬಾಕ್ಸ್. ಪಕ್ಕದಲ್ಲಿ ಬಿಳಿ ಸ್ಟಿಕ್ಕರ್, ಅದರ ಮೇಲೆ ಎರಡು ಐಎಂಇಐ ಸ್ಪಷ್ಟವಾಗಿತ್ತು. "ಇದನ್ನ ಹಾಕಿಬಿಡಿ ಅಣ್ಣ, ಬೇಗ ಆಗಲಿ" ಅಂದಳು ಮಗಳು.

ಇಡೀ ಪ್ರಕರಣದಲ್ಲಿ ಅತ್ಯಂತ ಅಪಾಯದ ಗಳಿಗೆ ಇದು. ಎಲ್ಲವೂ ಸರಿಯಾಗಿದ್ದಂತೆ ಕಾಣುತ್ತಿತ್ತು. ಆದರೆ ಆ ಮನೆಯಲ್ಲಿ ಒಂದೇ ಕಂಪನಿಯ ಎರಡು ಫೋನ್ ಇವೆ ಅಂತ ಮಾತಿನ ನಡುವೆ ಗೊತ್ತಾಗಿತ್ತು. ಹಾಗಾಗಿ ಎರಡು ಕೆಲಸ ಮಾಡಿದೆವು.

ಮೊದಲನೆಯದು, ಬಾಕ್ಸಿನ ನಂಬರ್ ಯಾವ ಮಾಡೆಲ್‌ನದ್ದು ಅಂತ ನೋಡಿದ್ದು. 14422ಕ್ಕೆ ಇಂಗ್ಲಿಷ್‌ನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, 15 ಅಂಕಿಯ ನಂಬರ್ ಎಸ್‌ಎಂಎಸ್ ಕಳಿಸಿದರೆ ಆ ಫೋನಿನ ಕಂಪನಿ, ಮಾಡೆಲ್ ಉತ್ತರವಾಗಿ ಬರುತ್ತದೆ. ಸಂಚಾರ್ ಸಾಥಿಯಲ್ಲೂ ಇದನ್ನೇ ನೋಡಬಹುದು. ಬಂದ ಉತ್ತರದಲ್ಲಿದ್ದ ಮಾಡೆಲ್ ಹೆಸರಿಗೂ ಅಕ್ಕ ನೆನಪು ಮಾಡಿ ಹೇಳಿದ ಹೆಸರಿಗೂ ಕೊನೆಯ ಒಂದು ಅಕ್ಷರ ವ್ಯತ್ಯಾಸ. ಅಕ್ಕನಿಗೆ ಸರಿಯಾಗಿ ನೆನಪಿಲ್ಲದೆಯೂ ಇರಬಹುದು, ಹಾಗಾಗಿ ಇಷ್ಟನ್ನೇ ನೆಚ್ಚುವ ಹಾಗಿರಲಿಲ್ಲ.

ಎರಡನೆಯದು, ಭಟ್ಟಿಯಲ್ಲಿದ್ದ ಯಜಮಾನರಿಗೆ ಫೋನ್ ಮಾಡಿ *#06# ಒತ್ತಲು ಹೇಳಿದ್ದು. ಅವರು ಒಂದೊಂದೇ ಅಂಕಿ ಓದುತ್ತಾ ಹೋದರು. ಮಗಳು ಬಾಕ್ಸಿನ ಮೇಲೆ ಬೆರಳಿಟ್ಟು ನೋಡುತ್ತಾ ಹೋದಳು. ಕೊನೆಯ ಅಂಕಿವರೆಗೂ ಒಂದೇ! ಬಾಕ್ಸ್ ಯಜಮಾನರ ಫೋನಿನದ್ದು.

ಆ ನಂಬರ್ ಹಾಕಿದ್ದರೆ ಕಳೆದ ಫೋನ್ ಆರಾಮಾಗಿ ಓಡಾಡಿಕೊಂಡಿರುತ್ತಿತ್ತು, ಭಟ್ಟಿಯ ಫೋನ್ ನಿಂತುಹೋಗುತ್ತಿತ್ತು. ಅಂಗಡಿ ಹಣದ ಫೋನ್ ಮೊದಲೇ ಇಲ್ಲ, ಆರ್ಡರ್ ಫೋನೂ ಹೋದಂತಾಗುತ್ತಿತ್ತು. ಬ್ಲಾಕ್ ತೆಗೆಸಬಹುದು ನಿಜ. ಆದರೆ ನೆಟ್‌ವರ್ಕ್ ಯಾಕೆ ಹೋಯಿತು ಅಂತಲೇ ತಿಳಿಯದೆ ಸಿಮ್ ಬದಲಿಸಿ, ರಿಪೇರಿಗೆ ಕೊಟ್ಟು ಎಷ್ಟು ದಿನ ಕಳೆಯುತ್ತಿದ್ದರೋ.

ಅಂದಿನಿಂದ ನನ್ನ ಕೇಂದ್ರದಲ್ಲಿ ಒಂದು ಪದ್ಧತಿ ಇದೆ. ಯಾರೇ ಬಾಕ್ಸ್ ತಂದರೂ, ಮೊದಲು ಮನೆಯಲ್ಲಿ ಉಳಿದಿರುವ ಎಲ್ಲ ಫೋನಿನಲ್ಲೂ *#06# ಒತ್ತಿಸಿ ನೋಡುತ್ತೇವೆ. ಬಾಕ್ಸಿನ ನಂಬರ್ ಯಾವುದಕ್ಕೂ ಹೊಂದಬಾರದು. ಹೊಂದಿದರೆ ಅದು ಕಳೆದ ಫೋನಿನದ್ದಲ್ಲ.

ಸಿಮ್ ಬಂತು, ಒಟಿಪಿ ಬರಲಿಲ್ಲ

ಅಕ್ಕನ ಫೋನಿನ ಬಾಕ್ಸ್ ಹಬ್ಬದ ಸ್ವಚ್ಛತೆಯಲ್ಲಿ ಹಳೆ ಪೇಪರಿನವನಿಗೆ ಹೋಗಿತ್ತು. ಇನ್ನು ಉಳಿದಿದ್ದು ಗೂಗಲ್ ಖಾತೆ ಮತ್ತು ಬಿಲ್.

ಆಂಡ್ರಾಯ್ಡ್ ಫೋನಿಗೆ ಯಾವ ಜಿಮೇಲ್ ಹಾಕಿರುತ್ತೇವೋ ಆ ಖಾತೆಯಿಂದ ಬೇರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಗೂಗಲ್‌ನ ಫೈಂಡ್ ಹಬ್ ತೆರೆದರೆ, ಫೋನಿನ ಹೆಸರಿನ ಪಕ್ಕದ ಮಾಹಿತಿ ಗುರುತು ಒತ್ತಿದಾಗ ಐಎಂಇಐ ಕಾಣುತ್ತದೆ. ಫೋನ್ ಸ್ವಿಚ್ ಆಫ್ ಆಗಿದ್ದರೂ ಇದು ಸಿಗುತ್ತದೆ. ಐಫೋನ್ ಇದ್ದವರಿಗೆ ಆಪಲ್ ಖಾತೆಯ ಸಾಧನಗಳ ಪಟ್ಟಿಯಲ್ಲಿ ಸಿಗುತ್ತದೆ.

ಆದರೆ ಅಕ್ಕನಿಗೆ ತಮ್ಮ ಜಿಮೇಲ್ ಯಾವುದು ಅಂತಲೇ ಗೊತ್ತಿರಲಿಲ್ಲ. ಫೋನ್ ತಂದ ದಿನ ಅಂಗಡಿಯ ಹುಡುಗ ಏನೋ ಟೈಪ್ ಮಾಡಿ ಕೊಟ್ಟಿದ್ದ. ನಮ್ಮೂರಲ್ಲಿ ಇದು ಬಹಳ ಮನೆಗಳ ಕಥೆ. ಮರೆತ ಜಿಮೇಲನ್ನು ಮೊಬೈಲ್ ನಂಬರ್ ಕೊಟ್ಟು ಹುಡುಕಲು ಗೂಗಲ್ ಅವಕಾಶ ಕೊಡುತ್ತದೆ. ಅದಕ್ಕೆ ಒಟಿಪಿ ಬೇಕು. ಒಟಿಪಿಗೆ ಸಿಮ್ ಬೇಕು.

ಡುಪ್ಲಿಕೇಟ್ ಸಿಮ್ ತಂದರು. ಕರೆ ಹೋಗುತ್ತಿತ್ತು, ಬರುತ್ತಿತ್ತು. ಒಟಿಪಿ ಮಾತ್ರ ಬರಲಿಲ್ಲ. ಸಿಮ್ ಕೆಟ್ಟಿದೆ ಅಂತ ವಾಪಸ್ ಮಾಡಲು ಹೊರಟಿದ್ದರು. ಕೆಟ್ಟಿರಲಿಲ್ಲ. ಹೊಸದಾಗಿ ಕೊಟ್ಟ ಡುಪ್ಲಿಕೇಟ್ ಸಿಮ್‌ನಲ್ಲಿ ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲಿಸಿರುತ್ತಾರೆ. ಬೇರೆ ಯಾರೋ ನಿಮ್ಮ ಹೆಸರಲ್ಲಿ ಸಿಮ್ ತೆಗೆಸಿ ಬ್ಯಾಂಕಿನ ಒಟಿಪಿ ಪಡೆಯದಿರಲಿ ಅಂತ ಮಾಡಿರುವ ಏರ್ಪಾಡು. ಸಿಇಐಆರ್ ಅರ್ಜಿಗೂ ಇದೇ ನಂಬರಿಗೆ ಒಟಿಪಿ ಬರಬೇಕು. ಅಂದರೆ ಐಎಂಇಐ ಕೈಯಲ್ಲಿದ್ದರೂ ಆ ದಿನ ಅರ್ಜಿ ಮುಗಿಯುತ್ತಿರಲಿಲ್ಲ.

ಹಾಗಾಗಿ ಫೋನ್ ಕಳೆದವರಿಗೆ ನಾನು ಮೊದಲು ಹೇಳುವುದು ಬಾಕ್ಸ್ ಹುಡುಕಿ ಅಂತಲ್ಲ. ಮೊದಲು ಡುಪ್ಲಿಕೇಟ್ ಸಿಮ್ ತೆಗೆಸಿ. ಆ 24 ಗಂಟೆ ಓಡುತ್ತಿರುವಾಗ ನಂಬರ್ ಹುಡುಕಿ. ಒಂದಕ್ಕಾಗಿ ಇನ್ನೊಂದು ಕಾಯುವುದು ಬೇಡ.

ಕಾಯುವ ಹೊತ್ತಿನಲ್ಲಿ ಇನ್ನೊಂದು ಆಸೆಯೂ ಬಂತು. ಪರಿಚಯದವರೊಬ್ಬರು, "ನಂಗೊತ್ತಿರೋ ಹುಡುಗ ಇದಾನೆ, ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ರೆ ಐಎಂಇಐ ಹಾಕಿ ಫೋನ್ ಎಲ್ಲಿದೆ ಅಂತ ತೋರಿಸ್ತಾನೆ" ಅಂದರು. ಅಕ್ಕ ದುಡ್ಡು ಕೊಡಲು ತಯಾರಿದ್ದರು. ಬೇಡ ಅಂತ ತಡೆದೆ. ಐಎಂಇಐ ಇಟ್ಟುಕೊಂಡು ಫೋನ್ ಯಾವ ಟವರಿನ ಹತ್ತಿರ ಇದೆ ಅಂತ ತಿಳಿಯುವುದು ಸಿಮ್ ಕಂಪನಿಗಳಿಗೆ, ಕಾನೂನಿನ ಪ್ರಕಾರ ಕೇಳಿದಾಗ ಪೊಲೀಸರಿಗೆ. ಅಂಗಡಿಯಲ್ಲಿ ಕೂತವನ ಸಾಫ್ಟ್‌ವೇರಿಗೆ ಅದು ಸಿಗುವುದಿಲ್ಲ. "ಐಎಂಇಐ ಟ್ರ್ಯಾಕರ್" ಅಂತ ಬರುವ ಆಪ್‌ಗಳೂ ಅಷ್ಟೇ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಗೆ ನಾವು ಹಾಕಿಕೊಳ್ಳುವ ಮಾಮೂಲಿ ಆಪ್‌ಗಳಿಗೆ ತಾವು ಕೂತಿರುವ ಫೋನಿನ ಐಎಂಇಐ ಓದಲೂ ಅನುಮತಿ ಇಲ್ಲ. ಇನ್ನು ದೂರದ ಫೋನನ್ನು ಎಲ್ಲಿಂದ ಹುಡುಕುತ್ತವೆ?

ಬಿಲ್ಲಿನ ಒಂದು ಅಂಕಿ

ಫೋನ್ ಕೊಂಡ ಅಂಗಡಿಯಲ್ಲಿ ಹಳೆ ಬಿಲ್ ಪುಸ್ತಕ ಇಟ್ಟಿದ್ದರು. ದಿನಾಂಕ ಸುಮಾರಾಗಿ ನೆನಪಿದ್ದರಿಂದ ಕಾರ್ಬನ್ ಪ್ರತಿ ಸಿಕ್ಕಿತು. ಅಕ್ಕನ ಹೆಸರು, ಮಾಡೆಲ್, ಅದರ ಕೆಳಗೆ ಕೈಬರಹದಲ್ಲಿ 15 ಅಂಕಿ. ಮಗಳು ಫೋಟೋ ತೆಗೆದುಕೊಂಡು ಬಂದಳು. ಮಾಡೆಲ್ ಹೆಸರಿನ ಕೊನೆಯ ಅಕ್ಷರ ಅಕ್ಕ ಹೇಳಿದಂತೆಯೇ ಇತ್ತು.

ಆದರೆ ಕಾರ್ಬನ್ ಮಸುಕಾಗಿತ್ತು. ಒಂದು ಅಂಕಿ 1 ಇರಬಹುದು, 7 ಇರಬಹುದು. ಗೀಟಿನ ತಲೆಯ ಮೇಲೆ ಸಣ್ಣ ಕೊಕ್ಕೆ ಇತ್ತು. ಬರೆದವರ ಕೈ ಹಾಗೆಯೋ, ಕಾರ್ಬನ್ ಜಾರಿದ್ದೋ ಹೇಳಲಾಗದು. ಅಂಗಡಿಯವರು ಏಳು ಅಂದರು, ಮಗಳು ಒಂದು ಅಂದಳು.

ಇಲ್ಲಿ ಊಹೆ ಮಾಡುವ ಅಗತ್ಯವೇ ಇಲ್ಲ. ಐಎಂಇಐಯೊಳಗೇ ತಪ್ಪು ಹಿಡಿಯುವ ದಾರಿ ಇದೆ. ಮೊದಲ 8 ಅಂಕಿ ಮಾಡೆಲ್ ಹೇಳುತ್ತವೆ. ಮುಂದಿನ 6 ಆ ಒಂದು ಫೋನಿನ ಕ್ರಮಸಂಖ್ಯೆ. ಕೊನೆಯ 15ನೇ ಅಂಕಿ ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬಂದದ್ದು, ಬರೀ ಪರೀಕ್ಷೆಗೆ ಇರುವುದು. ಲೂನ್ ಲೆಕ್ಕ ಅಂತಾರೆ. ಎಟಿಎಂ ಕಾರ್ಡಿನ ನಂಬರಿನಲ್ಲೂ ಇದೇ ಇರುತ್ತದೆ.

ಅಕ್ಕನ ನಂಬರ್ ಇಲ್ಲಿ ಹಾಕುವುದಿಲ್ಲ. ಪಾಠಗಳಲ್ಲಿ ಉದಾಹರಣೆಗೆ ಬಳಸುವ ನಂಬರಿನಲ್ಲಿ ತೋರಿಸುತ್ತೇನೆ: 490154203237518. ಎಡದಿಂದ 2, 4, 6, 8, 10, 12, 14ನೇ ಜಾಗದ ಅಂಕಿಗಳನ್ನು ಎರಡರಿಂದ ಗುಣಿಸಬೇಕು. ಅವು 9, 1, 4, 0, 2, 7, 1. ದುಪ್ಪಟ್ಟು ಮಾಡಿದರೆ 18, 2, 8, 0, 4, 14, 2. ಎರಡಂಕಿ ಬಂದ ಕಡೆ ಆ ಎರಡನ್ನೂ ಕೂಡಬೇಕು: 18 ಅಂದರೆ 9, 14 ಅಂದರೆ 5. ಈಗ ಇವುಗಳ ಮೊತ್ತ 30. ಉಳಿದ ಬೆಸ ಜಾಗದ ಅಂಕಿಗಳು 4, 0, 5, 2, 3, 3, 5, ಮೊತ್ತ 22. ಎರಡೂ ಸೇರಿ 52. ಮುಂದಿನ ಹತ್ತರ ಗುಣಕ 60. ಅಲ್ಲಿಗೆ ಬೇಕಾದದ್ದು 8. ನಂಬರಿನ ಕೊನೆಯ ಅಂಕಿಯೂ 8. ಸರಿಯಾಯಿತು.

ಈಗ 14ನೇ ಜಾಗದ 1ನ್ನು ಯಾರೋ 7 ಅಂತ ಓದಿದರು ಅಂದುಕೊಳ್ಳಿ. 7ರ ದುಪ್ಪಟ್ಟು 14, ಕೂಡಿದರೆ 5. ಮೊತ್ತ 52ರ ಬದಲು 55 ಆಗುತ್ತದೆ. ಕೊನೆಯ ಅಂಕಿ 5 ಇರಬೇಕಿತ್ತು, ಇರುವುದು 8. ಆ ಓದು ತಪ್ಪು ಅಂತ ಅಲ್ಲೇ ಗೊತ್ತಾಗುತ್ತದೆ.

ಅಕ್ಕನ ಬಿಲ್ಲಿನ ನಂಬರನ್ನು ಎರಡೂ ಬಗೆಯಲ್ಲಿ ಬರೆದು ಹೀಗೇ ಲೆಕ್ಕ ಹಾಕಿದೆವು. ಮಗಳೇ ಹಾಕಿದಳು, ನಾನು ಪಕ್ಕದಲ್ಲಿ ಕೂತು ಇನ್ನೊಂದು ಸಲ ಹಾಕಿದೆ. 7 ಇಟ್ಟರೆ ಹೊಂದಿತು, 1 ಇಟ್ಟರೆ ಹೊಂದಲಿಲ್ಲ. ಅಂಗಡಿಯವರು ಹೇಳಿದ್ದೇ ಸರಿ.

ಎರಡು ಎಚ್ಚರಿಕೆ ಹೇಳಲೇಬೇಕು. ಒಂದೇ ಅಂಕಿಯ ಬಗ್ಗೆ ಅನುಮಾನ ಇದ್ದಾಗ ಈ ಲೆಕ್ಕ ಖಂಡಿತ ಉತ್ತರ ಕೊಡುತ್ತದೆ. ಎರಡು ಮೂರು ಅಂಕಿ ಮಸುಕಾಗಿದ್ದರೆ ಒಂದಕ್ಕಿಂತ ಜಾಸ್ತಿ ಜೋಡಣೆಗಳು ಹೊಂದಬಹುದು, ಆಗ ಇದನ್ನು ನಂಬಿ ಅರ್ಜಿ ಹಾಕಬೇಡಿ. ಇನ್ನೊಂದು, ಲೆಕ್ಕ ಹೊಂದಿದ ಮಾತ್ರಕ್ಕೆ ನಂಬರ್ ನಿಮ್ಮ ಫೋನಿನದ್ದೇ ಆಗಬೇಕಿಲ್ಲ. ಯಜಮಾನರ ಬಾಕ್ಸಿನ ನಂಬರ್ ಕೂಡ ಲೆಕ್ಕಕ್ಕೆ ಹೊಂದುತ್ತಿತ್ತು! ಮಾಡೆಲ್ ಹೊಂದಿದರೂ ಅಷ್ಟೇ. ಮಾಡೆಲ್ ಗೊತ್ತಾಗುವುದು ಮೊದಲ 8 ಅಂಕಿಗಳಿಂದ. ಅದೇ ಮಾಡೆಲ್‌ನ ಫೋನ್ ಊರ ತುಂಬಾ ಇರುತ್ತವೆ.

ಹಾಗಾಗಿ ಬಿಲ್ಲಿಗೆ ಸಂಬಂಧವೇ ಇಲ್ಲದ ಇನ್ನೊಂದು ಕಡೆಯಿಂದ ಅದೇ ನಂಬರ್ ಬರಲಿ ಅಂತ ಕಾದೆವು. ಅಕ್ಕನಿಗೆ ಬೇಸರವಾಯಿತು. "ಇಷ್ಟೊತ್ತಿಗೆ ಅವನು ಫೋನ್ ಮಾರಿರ್ತಾನೆ" ಅಂದರು. ಮಾತು ನಿಜವಿರಬಹುದು. ಆದರೆ ಒಟಿಪಿ ಬರುವವರೆಗೆ ಹೇಗೂ ಅರ್ಜಿ ಹೋಗುತ್ತಿರಲಿಲ್ಲ.

ಗೂಗಲ್ ಖಾತೆ ಮತ್ತು ಸರ್ವಿಸ್ ಚೀಟಿ

ಎಸ್‌ಎಂಎಸ್ ಶುರುವಾದ ಮೇಲೆ ಜಿಮೇಲ್ ಹುಡುಕಲು ಕೂತೆವು. ಮೊಬೈಲ್ ನಂಬರಿನ ಜೊತೆ ಖಾತೆ ತೆರೆದಾಗ ಕೊಟ್ಟ ಹೆಸರನ್ನೂ ಗೂಗಲ್ ಕೇಳುತ್ತದೆ. ಅಕ್ಕನ ಹೆಸರು ಹಾಕಿದರೆ ಸಿಗಲಿಲ್ಲ. ಇನಿಷಿಯಲ್ ಸೇರಿಸಿದರೂ ಸಿಗಲಿಲ್ಲ. ಬಿಲ್ಲಿನಲ್ಲಿ ಅಂಗಡಿಯ ಹುಡುಗ ಅಕ್ಕನ ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ಬೇರೆ ಥರ ಬರೆದಿದ್ದ. ಅದೇ ಕಾಗುಣಿತ ಹಾಕಿದಾಗ ಖಾತೆ ಸಿಕ್ಕಿತು. ಪಾಸ್‌ವರ್ಡ್ ಬದಲಿಸಿ ಫೈಂಡ್ ಹಬ್ ತೆರೆದರೆ ಫೋನಿನ ಹೆಸರು ಪಟ್ಟಿಯಲ್ಲಿತ್ತು. ಮಾಹಿತಿ ಗುರುತು ಒತ್ತಿದೆವು. ನಂಬರ್ ಬಂತು. ಬಿಲ್ಲಿನದ್ದೇ, 7 ಇದ್ದ ಓದು.

ಎರಡು ಸಿಮ್ ಹಾಕುವ ಫೋನಿಗೆ ಎರಡು ಐಎಂಇಐ ಇರುತ್ತವೆ. ನಮ್ಮ ಕೈಗೆ ಬಂದಿದ್ದು ಒಂದು. ಎರಡನೆಯದು ಮೊದಲನೆಯದಕ್ಕೆ ಒಂದು ಕೂಡಿಸಿದ್ದು ಅಂತ ಕೆಲವರು ಹೇಳುತ್ತಾರೆ. ಹಾಗೆ ಇರಲೇಬೇಕೆಂದಿಲ್ಲ. ಊಹಿಸಿ ಹಾಕಿದರೆ ಅದು ಬೇರೆ ಯಾರದ್ದೋ ಫೋನಿನ ನಂಬರ್ ಆಗಿಬಿಡಬಹುದು.

ಆಗ ಅಕ್ಕನಿಗೆ ನೆನಪಾಗಿದ್ದು ಡಿಸ್‌ಪ್ಲೇ. ಹಿಂದಿನ ವರ್ಷ ಫೋನ್ ಬಿದ್ದು ಒಡೆದಾಗ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಹಾಕಿಸಿದ್ದರು. ಅಲ್ಲಿ ಕೊಟ್ಟ ಚೀಟಿ ವಿಮೆ ರಸೀದಿಗಳ ನಡುವೆ ಮಡಿಚಿಟ್ಟಿದ್ದು ಸಿಕ್ಕಿತು. ಪ್ರಿಂಟ್ ಚೀಟಿ, ಎರಡೂ ಐಎಂಇಐ ಇದ್ದವು. ಮೊದಲನೆಯದು ನಮ್ಮದಕ್ಕೆ ಹೊಂದಿತು, ಹಾಗಾಗಿ ಎರಡನೆಯದನ್ನೂ ನಂಬಬಹುದಾಗಿತ್ತು.

ಚೀಟಿಯಲ್ಲಿ ಇನ್ನೊಂದನ್ನೂ ಓದಿ ನೋಡಿದೆವು: ಏನು ಬದಲಿಸಿದ್ದಾರೆ ಅಂತ. ಡಿಸ್‌ಪ್ಲೇ, ಬ್ಯಾಟರಿ ಬದಲಿಸಿದರೆ ಐಎಂಇಐ ಬದಲಾಗುವುದಿಲ್ಲ. ಮದರ್‌ಬೋರ್ಡ್ ಬದಲಿಸಿದ್ದರೆ ನಂಬರೂ ಬದಲಾಗಿರಬಹುದು. ಆಗ ಬಾಕ್ಸಿನ ಮೇಲಿರುವುದು, ಬಿಲ್ಲಿನಲ್ಲಿರುವುದು ಎರಡೂ ಹಳೆಯವು. ಇಂಥ ಫೋನಿಗೆ ಸರ್ವಿಸ್ ಚೀಟಿಯೇ ಸರಿಯಾದ ದಾಖಲೆ. ಇಲ್ಲಿ ಬರೀ ಡಿಸ್‌ಪ್ಲೇ ಬದಲಾಗಿತ್ತು.

ಬ್ಲಾಕ್ ಆದ ಮೇಲೆ

ಅರ್ಜಿ ಹಾಕಲು ಮುಂದೆ ಕಷ್ಟವಿರಲಿಲ್ಲ. ದೂರಿನ ಸ್ವೀಕೃತಿ, ಬಿಲ್ಲಿನ ಫೋಟೋ, ಗುರುತಿನ ಚೀಟಿ, ಒಟಿಪಿ. ಕೊನೆಗೆ ಬಂದ ರಿಕ್ವೆಸ್ಟ್ ಐಡಿಯನ್ನು ಮಗಳ ಫೋನಿನಲ್ಲಿ ಉಳಿಸಿ, ಒಂದು ಪ್ರಿಂಟ್ ಕೂಡ ಕೊಟ್ಟೆ. ಆ ಐಡಿ ಇಲ್ಲದಿದ್ದರೆ ಫೋನ್ ಸಿಕ್ಕ ಮೇಲೆ ಬ್ಲಾಕ್ ತೆಗೆಸಲು ಪರದಾಡಬೇಕಾಗುತ್ತದೆ.

"ಬ್ಲಾಕ್ ಮಾಡಿದ್ರೆ ಪೊಲೀಸರಿಗೂ ಸಿಗಲ್ಲ ಅಂತಾರಲ್ಲ" ಅಂತ ಯಜಮಾನರು ಕೇಳಿದರು. ಹಾಗಲ್ಲ. ಬ್ಲಾಕ್ ಆದ ಫೋನಿಗೆ ಯಾರಾದರೂ ಸಿಮ್ ಹಾಕಿದರೆ ಆ ಮಾಹಿತಿ ದೂರು ಕೊಟ್ಟ ಠಾಣೆಗೆ ಹೋಗುತ್ತದೆ. ಬ್ಲಾಕ್ ಮಾಡಿದರೇ ಪತ್ತೆಗೆ ದಾರಿ. ಒಂದು ಮಿತಿ ಮಾತ್ರ ಇದೆ: ವೈಫೈ ಇದ್ದರೆ ಬ್ಲಾಕ್ ಆದ ಫೋನಿನಲ್ಲೂ ಇಂಟರ್‌ನೆಟ್ ಓಡುತ್ತದೆ. ಅದಕ್ಕೇ ಗೂಗಲ್ ಪಾಸ್‌ವರ್ಡ್ ಬದಲಿಸುವುದು, ಯುಪಿಐ ನಿಲ್ಲಿಸುವುದು ಬೇರೆಯಾಗಿ ಮಾಡಲೇಬೇಕು.

ಕೆಲವು ವಾರ ಏನೂ ಸುದ್ದಿಯಿರಲಿಲ್ಲ. ಆಮೇಲೆ ಠಾಣೆಯಿಂದ ಕರೆ ಬಂತು. ಪಕ್ಕದ ತಾಲ್ಲೂಕಿನ ಒಬ್ಬ ಕೂಲಿ ಕೆಲಸದವರ ಹತ್ತಿರ ಫೋನ್ ಇತ್ತು. ಸೆಕೆಂಡ್ಸ್ ಅಂತ ಬಿಲ್ ಇಲ್ಲದೆ ಕೊಂಡಿದ್ದರು, ಸಿಮ್ ಹಾಕಿದರೆ ನೆಟ್‌ವರ್ಕ್ ಬರುತ್ತಿಲ್ಲ ಅಂತ ಸಿಮ್ ಮೇಲೆ ಸಿಮ್ ಬದಲಿಸಿ ನೋಡಿದ್ದರು. ಫೋನ್ ಅಕ್ಕನ ಕೈಗೆ ವಾಪಸ್ ಬಂತು. ಒಳಗಿನದ್ದೆಲ್ಲ ಅಳಿಸಿತ್ತು. ಮಗಳ ಚಿಕ್ಕಂದಿನ ಫೋಟೋಗಳನ್ನು ಹಳೆ ಫೋನಿನಿಂದ ಇದಕ್ಕೆ ಹಾಕಿದ್ದರು, ಅವು ಹೋದವು. ಅಕ್ಕ ಫೋನ್ ಸಿಕ್ಕ ಖುಷಿಗಿಂತ ಅದನ್ನೇ ಜಾಸ್ತಿ ಹೇಳಿಕೊಂಡರು.

ಠಾಣೆಯಲ್ಲೇ *#06# ಒತ್ತಿ ನೋಡಿ, ಎರಡೂ ನಂಬರ್ ಅರ್ಜಿಯಲ್ಲಿರುವುದೇ ಅಂತ ತಾಳೆ ಹಾಕಿ ಕೊಟ್ಟರು. ರಿಕ್ವೆಸ್ಟ್ ಐಡಿ ಹಾಕಿ ಬ್ಲಾಕ್ ತೆಗೆಸಿದೆವು. ನೆಟ್‌ವರ್ಕ್ ತಕ್ಷಣ ಬರುವುದಿಲ್ಲ, ಸ್ವಲ್ಪ ಕಾಯಬೇಕು.

ಈ ಪ್ರಕರಣದಲ್ಲಿ ನಷ್ಟ ಜಾಸ್ತಿ ಆಗಿದ್ದು ಆ ಕೂಲಿ ಕೆಲಸದವರಿಗೆ ಅಂತ ನನಗೆ ಅನಿಸುತ್ತದೆ. ಕೊಟ್ಟ ಹಣವೂ ಹೋಯಿತು, ಠಾಣೆಗೂ ಅಲೆದರು. ಕೊಳ್ಳುವಾಗ *#06# ಒತ್ತಿ, ಬಂದ ನಂಬರನ್ನು 14422ಕ್ಕೆ ಕಳಿಸಿದ್ದರೆ ಬ್ಲಾಕ್ ಆಗಿರುವ ಫೋನ್ ಅಂತ ಅಲ್ಲೇ ಗೊತ್ತಾಗುತ್ತಿತ್ತು. ಬಂದ ಉತ್ತರದ ಮಾಡೆಲ್ ಕೈಯಲ್ಲಿರುವ ಫೋನಿನದ್ದಲ್ಲ ಅಂತ ಕಂಡರೂ ಕೊಳ್ಳಬಾರದು, ನಂಬರ್ ತಿದ್ದಿರುವ ಸಾಧ್ಯತೆ ಇರುತ್ತದೆ. 2023ರ ದೂರಸಂಪರ್ಕ ಕಾಯ್ದೆ ಪ್ರಕಾರ ಐಎಂಇಐ ತಿದ್ದುವುದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಸೆಕೆಂಡ್ಸ್ ಫೋನ್ ಕೊಳ್ಳುವವರು ಮಾರುವವರ ಎದುರಿಗೇ ಈ ಎಸ್‌ಎಂಎಸ್ ಕಳಿಸಿ, ಉತ್ತರ ಬಂದ ಮೇಲೆ ಹಣ ಕೊಡಿ. ಬಿಲ್ಲಿನಲ್ಲಿ ಎರಡೂ ಐಎಂಇಐ ಬರೆಸಿಕೊಳ್ಳಿ, ಬರೆದಿದ್ದನ್ನು ಪರದೆಯ ಜೊತೆ ಅಂಕಿ ಅಂಕಿಯಾಗಿ ನೋಡಿಕೊಳ್ಳಿ. ಮಾರುವವರು ಬೇಡ ಅಂದರೆ ಫೋನ್ ಅಲ್ಲೇ ಬಿಟ್ಟು ಬನ್ನಿ.